ಎಡಗಾಲಿನ ಶೂ

ಒಂದು ಗುಳಿಗೆ ನುಂಗುವುದಕ್ಕೆ ಎಷ್ಟು ಹೊತ್ತು ಬೇಕು? ನಿಮಗೋ ನನಗೋ ಆದರೆ ಅರ್ಧ ನಿಮಿಷ ಸಾಕು. ಮಾರಿಕಿನಾ ಊರಿನ ಎರ್ಮೊಹೆನೆಸ್ ಬಾಲ್ತಸಾರ್ ಅವರಿಗೆ ಆ ಮಂಗಳವಾರ ಒಂದು ಇಡೀ ಬೆಳಗು, ಒಂದು ಬೆಂಕಿ ನಂದಿಸುವ ಗಾಡಿ ಮತ್ತು ಹದಿನಾಲ್ಕು ಜನ ನೆರೆಹೊರೆಯವರು ಬೇಕಾದರು. ಇಷ್ಟೆಲ್ಲ ಆದರೂ ಗುಳಿಗೆ ಹೊಟ್ಟೆಗೆ ಹೋಗಲಿಲ್ಲ.

ಊರಿಗೆಲ್ಲ ಅವರು ಮಾಂಗ್ ಹೆನೆಸ್; ಅಲ್ಲಿ ಹಿರಿಯ ಗಂಡಸರನ್ನು ಮಾಂಗ್ ಎಂದೂ ಹೆಂಗಸರನ್ನು ಅಲಿಂಗ್ ಎಂದೂ ಕರೆಯುವುದು ವಾಡಿಕೆ. ವಯಸ್ಸು ಎಪ್ಪತ್ತನಾಲ್ಕು, ಕಸುಬು ಶೂ ಮಾಡುವುದು. ಮಾರಿಕಿನಾದಲ್ಲಿ ಮೊದಲೆಲ್ಲ ಮನೆಗೊಬ್ಬರು ಇದೇ ಕಸುಬಿನವರು, ಈಗ ಬೀದಿಗೊಬ್ಬರು. ಮಾರುಕಟ್ಟೆಯ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಹಗಲೆಲ್ಲ ಕೂತು, ಹಿಂದಿನ ಬೀದಿಯ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಹೆಂಡತಿ ಮಕ್ಕಳಿಲ್ಲ. ಯಾಕಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಕಥೆ, ಆಮೇಲೆ ಹೇಳುತ್ತೇನೆ.

ಅಂದು ನಡೆದದ್ದು ಇಷ್ಟೇ. ರಕ್ತದೊತ್ತಡದ ಗುಳಿಗೆಯನ್ನು ಉಂಡು ತೆಗೆದುಕೊಳ್ಳಬೇಕೆಂದು ಒಲೆಯ ಮೇಲೆ ಅನ್ನಕ್ಕಿಟ್ಟರು. ನೀರು ಹಿಡಿಯಲು ಹೋದರೆ ನಲ್ಲಿ ತೊಟ್ಟಿಕ್ಕುತ್ತಿತ್ತು. ವಾಷರ್ ಹಾಕೋಣವೆಂದು ರಬ್ಬರಿನ ಡಬ್ಬಿ ತೆಗೆದರೆ ಅದರಲ್ಲಿ ಯಾರದೋ ಶೂವಿನ ಹಿಮ್ಮಡಿ ಸಿಕ್ಕಿತು. ಯಾರದೆಂದು ಥಟ್ಟನೆ ನೆನಪಾಗಿ, ಕೊಟ್ಟುಬಿಡೋಣವೆಂದು ಅದನ್ನು ಹಿಡಿದು ಹೊರಟರು. ದಾರಿಯಲ್ಲಿ ಒಬ್ಬ ತನ್ನ ಕಾಳಗದ ಹುಂಜಕ್ಕೆ ಸ್ನಾನ ಮಾಡಿಸುತ್ತಿದ್ದ. ಹುಂಜದ ಸ್ನಾನವನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಮರ್ಯಾದೆಯಲ್ಲವೆಂದು ಪೂರ್ತಿ ನಿಂತು ನೋಡಿದರು. ಅಷ್ಟರಲ್ಲಿ ಸೈರನ್ ಕೂಗುತ್ತ ಗಾಡಿ ಬಂತು. ಎಲ್ಲಿ ಬೆಂಕಿ ಎಂದು ತಿಳಿಯುವ ಕುತೂಹಲದಿಂದ ಅದರ ಹಿಂದೆ ಓಡಿದರು. ಗಾಡಿ ಅವರ ಕೋಣೆಯ ಮುಂದೆಯೇ ನಿಂತಿತು.

"ಪಾಪ, ಯಾರ ಮನೆ?" ಎಂದು ಏದುಸಿರು ಬಿಡುತ್ತ ಕೇಳಿದರು.

"ನಿಮ್ದೇ ಕಣ್ರೀ!" ಎಂದು ಗಂಜಿ ಮಾರುವ ಅಲಿಂಗ್ ಪುರಿಂಗ್ ಕಿರುಚಿದಳು. ಅವಳ ಅಂಗಡಿ ಅವರ ಗೂಡಂಗಡಿಯ ಪಕ್ಕದ್ದೇ. "ಬಾಗ್ಲು ಒಡೆದಿದಾರೆ, ನೀವು ಸುಟ್ಟೇಹೋದ್ರಿ ಅಂತ ನಾನು ಅರ್ಧ ಜಪ ಮುಗಿಸಿದೀನಿ. ಎಲ್ಹೋಗಿದ್ರಿ?"

"ಹುಂಜ..." ಎಂದರು ಮಾಂಗ್ ಹೆನೆಸ್, ಮತ್ತು ಅಲ್ಲೇ ಕುಸಿದು ಕೂತರು. ಬೆಂಕಿಯವರು ರಕ್ತದೊತ್ತಡ ನೋಡಿದರೆ ನೂರತೊಂಬತ್ತು. ಅನ್ನ ಇದ್ದಲಾಗಿತ್ತು. ಗುಳಿಗೆ ತಟ್ಟೆಯಲ್ಲಿ ಇಟ್ಟ ಹಾಗೇ ಇತ್ತು.

ಇಂಥ ಸಂದರ್ಭ ಸಿಕ್ಕಿದರೆ ಬರಂಗಾಯ್ ಕಚೇರಿ, ಅಂದರೆ ಆ ಬಡಾವಣೆಯ ಪಂಚಾಯಿತಿ, ಕೈಕಟ್ಟಿ ಕೂರುವುದಿಲ್ಲ. ಅದರ ಮುಖ್ಯಸ್ಥ ಕಪಿತಾನ್ ವಿರ್ಹಿಲಿಯೊ ಸಂಜೆಯೊಳಗೆ ಬಂದರು. ಆರೋಗ್ಯ ಕೇಂದ್ರದ ನರ್ಸಮ್ಮ ಚೀಟಿಯಲ್ಲಿ 'ಮರೆವಿನ ರೋಗ?' ಎಂದು ಬರೆದಿದ್ದಳು. ಪ್ರಶ್ನಾರ್ಥಕ ಚಿಹ್ನೆ ಬಹಳ ಚಿಕ್ಕದಾಗಿತ್ತು. ಕಪಿತಾನರ ಕಣ್ಣಿಗೆ ಬೀಳಲಿಲ್ಲ.

"ಬೇಜಾರು ಮಾಡ್ಕೋಬೇಡಿ, ಮಾಂಗ್ ಹೆನೆಸ್. ಅಂಗಡೀಲಿ ಕತ್ತಿ ಇದೆ, ಅಂಟು ಇದೆ, ಅದಕ್ಕೆ ಬೆಂಕಿ ಹತ್ಕೊಂಡ್ರೆ ಮಾರುಕಟ್ಟೆನೇ ಹೋಗುತ್ತೆ. ಮರೆವಿನ ರೋಗ ಅಲ್ಲ ಅಂತ ಡಾಕ್ಟ್ರು ಬರೆದುಕೊಡ್ಲಿ, ಅಲ್ಲೀತನಕ ಬೀಗದ ಕೈ ನನ್ ಹತ್ರ ಇರ್ಲಿ."

ಮಾಂಗ್ ಹೆನೆಸ್ ಕೀಲಿ ಕೊಟ್ಟರು. ಎರಡು ಸಲ ತಪ್ಪು ಕೀಲಿ ಕೊಟ್ಟು ಮೂರನೆಯ ಸಲ ಸರಿಯಾದದ್ದನ್ನು ಕೊಟ್ಟರು, ಇದರಿಂದ ಕಪಿತಾನರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಅವರಿಗೆ ದುಃಖವಾದದ್ದು ಸಂಪಾದನೆಗಾಗಿ ಅಲ್ಲ. ಆ ಮೆಟ್ಟಿಲ ಕೆಳಗೆ ಕೂತಿದ್ದರೆ ದಿನಕ್ಕೆ ಹತ್ತು ಜನವಾದರೂ 'ಮಾಂಗ್ ಹೆನೆಸ್, ನನ್ನ ಶೂ ಎಲ್ಲಿ?' ಎಂದು ಬೈಯುತ್ತಿದ್ದರು. ಆ ಬೈಗುಳ ಬಿಟ್ಟರೆ ಅವರನ್ನು ಹೆಸರು ಹಿಡಿದು ಕರೆಯುವವರು ಲೋಕದಲ್ಲಿ ಯಾರೂ ಇರಲಿಲ್ಲ.

ಆರೋಗ್ಯ ಕೇಂದ್ರದ ಡಾಕ್ಟರ್ ಇಲಗಾನ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆಯ ಬಲ ಶೂವಿನ ಹಿಮ್ಮಡಿ ಹೊರಬದಿಗೆ ಸವೆದಿತ್ತು. ಮಾಂಗ್ ಹೆನೆಸ್ ಮುಖಕ್ಕಿಂತ ಮೊದಲು ಅದನ್ನು ನೋಡಿದರು. ಆಕೆ ತಾರೀಖು ಕೇಳಿದಳು, ಹೇಳಿದರು. ಐದು ಪದ ಹೇಳಿ ಹತ್ತು ನಿಮಿಷದ ಮೇಲೆ ಕೇಳಿದಳು. ಐದನ್ನೂ ಒಪ್ಪಿಸಿ, ಜೊತೆಗೆ ಕಪಿತಾನರ ತಾಯಿಯ ಕಾಲಿನ ಅಳತೆ, ಆಕೆಯ ಎಡ ಹೆಬ್ಬೆರಳ ಪಕ್ಕದ ಗಂಟು, ತಾವು ಮಾಡಿಕೊಟ್ಟ ಶೂಗೆ ಹಾಕಿದ ಬಕಲ್ಲಿನ ಬಣ್ಣ ಎಲ್ಲವನ್ನೂ ಹೇಳಿದರು.

"ಇದು ಯಾವ ವರ್ಷದ್ದು?"

"ಎಂಬತ್ತಮೂರು."

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಮರೆವಿನ ರೋಗದೋರು ಹೀಗೆ ಹೇಳಲ್ಲ. ಈ ಅನ್ನ ಸೀಯೋದು, ಗುಳಿಗೆ ತಪ್ಪೋದು, ಹೊರಟಿದ್ದು ಒಂದು ಕಡೆ ಸೇರಿದ್ದು ಇನ್ನೊಂದು ಕಡೆ, ಇದೆಲ್ಲ ಯಾವಾಗಿಂದ?"

"ಎರಡನೇ ಕ್ಲಾಸಿಂದ."

ನರ್ಸಮ್ಮ ಕಿಸಕ್ಕೆಂದಳು. ಡಾಕ್ಟರ್ ನಗಲಿಲ್ಲ. "ಗಮನ ನಿಲ್ಲದ ತೊಂದರೆ ಅಂತ ಒಂದಿದೆ. ಅದು ಮಕ್ಕಳಿಗೆ ಬರೋದು ಅಂತ ಎಲ್ರೂ ತಿಳ್ಕೊಂಡಿದಾರೆ. ಆ ಮಕ್ಕಳಿಗೂ ವಯಸ್ಸಾಗುತ್ತೆ ಅನ್ನೋದು ಯಾರಿಗೂ ಹೊಳೆದಿಲ್ಲ. ನಿಮ್ಮ ಬಿ.ಪಿ., ಸಕ್ಕರೆ, ಈ ವರ್ಷ ಎರಡು ಸಲ ಬಿದ್ದಿದ್ದು, ಅರ್ಧಕ್ಕರ್ಧ ಇದ್ರಿಂದ್ಲೇ ಇರಬಹುದು. ಆದ್ರೆ ಹನ್ನೆರಡು ವರ್ಷ ತುಂಬೋಕೆ ಮುಂಚೆನೂ ನೀವು ಹೀಗೇ ಇದ್ರಿ ಅಂತ ಹೇಳೋಕೆ ಕಣ್ಣಾರೆ ಕಂಡೋರು ಒಬ್ರು ಬೇಕು."

"ನಾನೇ ಹೇಳ್ತಿದೀನಲ್ಲ, ಡಾಕ್ಟ್ರೇ."

"ನಿಮ್ಮನ್ನ ಬಿಟ್ಟು."

ಮಾಂಗ್ ಹೆನೆಸ್ ಯೋಚಿಸಿದರು. ಅಣ್ಣ ಹೋಗಿ ಒಂಬತ್ತು ವರ್ಷ. ಮೇಷ್ಟ್ರು, ಪಕ್ಕದ ಮನೆಯವರು, ಜೊತೆಗೆ ಹೊಳೆಯಲ್ಲಿ ಈಜಿದವರು ಎಲ್ಲ ಹೋದರು. ಕೊನೆಯವನು ಹಿಂದಿನ ಜನವರಿಯಲ್ಲಿ ಹೋದ. ಅವರನ್ನು ಚಡ್ಡಿಯಲ್ಲಿ ಕಂಡವರೆಲ್ಲ ಈಗ ಸ್ಮಶಾನದಲ್ಲಿದ್ದರು. ನೆನಪಿಟ್ಟುಕೊಳ್ಳುವವರು ಒಬ್ಬರೂ ಇಲ್ಲದಿದ್ದರೆ ತಾನು ಒಂದು ಕಾಲಕ್ಕೆ ಮಗುವಾಗಿದ್ದೆ ಎಂಬುದು ನಿಜವೋ ಸುಳ್ಳೋ ಎಂದು ಅವರಿಗೆ ಅಲ್ಲಿ ಮೊದಲ ಸಲ ಅನುಮಾನ ಬಂತು. ಇಲ್ಲ, ಇನ್ನೂ ಒಬ್ಬರು ಉಳಿದಿದ್ದರು. ಆ ಹೆಸರನ್ನು ಅವರು ಹೇಳಲಿಲ್ಲ.

ಬರಂಗಾಯ್ ಕಾರ್ಯದರ್ಶಿ ಮಾರಿಫೆಗೆ ಈ ಲೋಕದಲ್ಲಿ ಪ್ರಮಾಣಪತ್ರದಿಂದ ತೀರದ ಕಷ್ಟ ಯಾವುದೂ ಇಲ್ಲ. ಹುಟ್ಟಿದ್ದನ್ನು ತಡವಾಗಿ ದಾಖಲು ಮಾಡಿಸುವವರಿಗೆಂದು ಅವಳ ಬಳಿ ಒಂದು ನಮೂನೆ ಇತ್ತು: 'ಸಂಬಂಧವಿಲ್ಲದ ಇಬ್ಬರ ಪ್ರಮಾಣಪತ್ರ.' ಅದರಲ್ಲಿ 'ಹುಟ್ಟಿದನೆಂದು' ಎಂಬುದನ್ನು ಹೊಡೆದು 'ಚಂಚಲನಾಗಿದ್ದನೆಂದು' ಎಂದು ಬರೆದಳು.

"ಒಬ್ಬ ಮನುಷ್ಯ ಹುಟ್ಟಿದಾನೆ ಅಂತ ಸಂಬಂಧ ಇಲ್ದೋರು ಇಬ್ರು ಬರೆದ್ರೆ ಸರ್ಕಾರನೇ ಒಪ್ಪುತ್ತೆ. ಮಂಗಾಟ ಆಡ್ತಿದ್ದ ಅಂತ ಬರೆದ್ರೆ ಡಾಕ್ಟ್ರು ಒಪ್ಪಲ್ವಾ?"

ಸಾಕ್ಷಿಗಳಿಗೇನು ಬರವಿರಲಿಲ್ಲ. ಅಲಿಂಗ್ ಪುರಿಂಗ್ ಮೊದಲು ಸಹಿ ಹಾಕಿದಳು. "ಚಿಕ್ಕೋರಿದ್ದಾಗ ಇವ್ರು ನಮ್ಮ ಗಂಜಿ ಪಾತ್ರೆಗೇ ಬಿದ್ದಿದ್ರು, ನಾನೇ ಎತ್ತಿದ್ದು!" ಎಂದಳು. ಅವಳಿಗೆ ಐವತ್ತೆಂಟು. ಕಪಿತಾನರು ತಾವೂ ವೈಯಕ್ತಿಕವಾಗಿ ಬಲ್ಲೆವೆಂದು ಮೊಹರು ಸಮೇತ ಒತ್ತಿದರು; ಅವರಿಗೆ ನಲವತ್ತಾರು. ಮುಂಜಾನೆ ಚೌಕದಲ್ಲಿ ಹಾಡು ಹಾಕಿ ಕುಣಿದು ವ್ಯಾಯಾಮ ಮಾಡುವ ಹನ್ನೊಂದು ಹೆಂಗಸರು ಬೆವರು ಒರೆಸಿಕೊಳ್ಳುತ್ತಲೇ ಸಾಲಾಗಿ ಸಹಿ ಹಾಕಿದರು. ಊರು ಒಬ್ಬನಿಗಾಗಿ ಇಷ್ಟು ಒಗ್ಗಟ್ಟಾಗಿ ಸುಳ್ಳು ಹೇಳಿದ್ದನ್ನು ನೋಡಿ ಮಾಂಗ್ ಹೆನೆಸ್ ಒಬ್ಬೊಬ್ಬರಿಗೂ ಕೈಮುಗಿದರು.

ಡಾಕ್ಟರ್ ಕಾಗದವನ್ನು ವಾಪಸು ಕಳಿಸಿದಳು. ಮೇಲೆ ಒಂದೇ ಸಾಲು: 'ಸಾಕ್ಷಿಗಳಲ್ಲಿ ಅತಿ ಹಿರಿಯರು ರೋಗಿಗಿಂತ ಹದಿನಾರು ವರ್ಷ ಚಿಕ್ಕವರು. ನಿಜವಾಗಿ ಕಂಡವರು ಒಬ್ಬರೇ ಒಬ್ಬರು ಸಾಕು. ಗುರುವಾರ ಬನ್ನಿ.'

ಕಚೇರಿಯಲ್ಲಿ ಕಾಗದ ಕೈಯಿಂದ ಕೈಗೆ ಹೋಯಿತು. ಆಮೇಲೆ ಪುರಿಂಗ್ ಸೀಲಿಂಗ್ ಫ್ಯಾನನ್ನು ನೋಡುತ್ತ ಹೇಳಿದಳು: "ಅಲಿಂಗ್ ಬಿನಿಂಗ್ ಇದಾರಲ್ಲ."

ಈಗ ಆ ಕಥೆ. ನಲವತ್ತಾರು ವರ್ಷದ ಹಿಂದೆ, ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಹೆನೆಸ್‌ಗೂ ಬಿನಿಂಗ್‌ಗೂ ಊರ ಚರ್ಚಿನಲ್ಲಿ ಮದುವೆ. ಇಬ್ಬರೂ ಎರಡನೇ ಕ್ಲಾಸಿನಿಂದ ಒಂದೇ ಬೆಂಚಿನವರು. ಗಂಡು ಮೊದಲು ಬಂದು ಕಾಯುವುದು ಪದ್ಧತಿ. ಅಂದು ಹೆಣ್ಣು ಬಂದರೆ ಗಂಡೇ ಇಲ್ಲ. ಮುಸುಕು ಹೊದ್ದು, ಹೂ ಕಟ್ಟಿದ ಕಾರಿನೊಳಗೆ ಬಿನಿಂಗ್ ಹನ್ನೊಂದು ಹತ್ತರ ತನಕ ಕೂತಿದ್ದು ಆಮೇಲೆ ಮನೆಗೆ ಹೋದಳು. ಹನ್ನೆರಡಕ್ಕೆ ಓಡಿ ಬಂದ ಹೆನೆಸ್‌ನನ್ನು ಅವಳ ಅಪ್ಪ ಮಚ್ಚು ಹಿಡಿದು ಹೊಳೆಯ ತನಕ ಅಟ್ಟಿಸಿಕೊಂಡು ಹೋದರು. ಕವೀತೆ ಊರಿನಲ್ಲಿ ಅವನಿಗೆ ಇನ್ನೊಬ್ಬಳಿದ್ದಾಳೆ, ಹಿಂದಿನ ದಿನ ಅಲ್ಲಿಗೇ ಹೋಗಿದ್ದ ಎಂದು ಯಾರೋ ಹೇಳಿದರು. ಹೆನೆಸ್ ಇಲ್ಲವೆನ್ನಲಿಲ್ಲ. ಬಿನಿಂಗ್ ಅವನೊಡನೆ ಮತ್ತೆ ಮಾತಾಡಲಿಲ್ಲ, ಮದುವೆಯಾಗಲಿಲ್ಲ, ಮತ್ತು ಊರು ತುಂಬ ಶೂ ಮಾಡುವವರಿರುವ ಆ ಊರಿನಲ್ಲಿ ಅಂದಿನಿಂದ ರಬ್ಬರ್ ಚಪ್ಪಲಿ ಬಿಟ್ಟು ಬೇರೇನನ್ನೂ ಮೆಟ್ಟಲಿಲ್ಲ. ಚರ್ಚಿಗೂ ಅದೇ, ಹೆಣಕ್ಕೆ ಹೋದರೂ ಅದೇ.

ಕಪಿತಾನ್, ಮಾರಿಫೆ, ಪುರಿಂಗ್ ಮೂವರೂ ನಿಯೋಗ ಹೊರಟರು. ಮಾಂಗ್ ಹೆನೆಸ್ ಬೀದಿಯಲ್ಲಿ ನಿಂತಿದ್ದ ಸೈಡ್‌ಕಾರ್ ಬೈಕಿನ ಹಿಂದೆ ಅಡಗಿ ಕೂತರು.

"ಯಾರು? ಆ ಹೆಸರಿನೋರು ನಂಗೆ ಗೊತ್ತಿಲ್ಲ," ಎಂದರು ಅಲಿಂಗ್ ಬಿನಿಂಗ್ ಗೇಟಿನ ಒಳಗಿನಿಂದ. ತೆಳ್ಳನೆಯ ಹೆಂಗಸು; ಸಕ್ಕರೆ ಕಾಯಿಲೆಯಿಂದ ಪಾದ ಮಾತ್ರ ಊದಿತ್ತು.

"ಅದೋ, ಆ ಬೈಕಿನ ಹಿಂದೆ ಇದಾರೆ," ಎಂದರು ಕಪಿತಾನ್ ಸಹಾಯ ಮಾಡುವ ಉತ್ಸಾಹದಲ್ಲಿ.

ಅಷ್ಟರಲ್ಲಿ ಬೈಕು ಹೊರಟುಹೋಯಿತು. ಬಟ್ಟಬಯಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಾಂಗ್ ಹೆನೆಸ್ ನೆಲದ ಮೇಲೆ ಏನೋ ಹುಡುಕುವವರಂತೆ ನಟಿಸಿದರು. ಒಂದು ನಿಮಿಷದ ಮೇಲೆ ನಿಜವಾಗಿಯೇ ಒಂದು ಒಳ್ಳೆಯ ಮೊಳೆ ಸಿಕ್ಕಿ, ಅದನ್ನು ನೋಡುತ್ತ ಮೈಮರೆತರು.

ಬಿನಿಂಗ್ ಅತ್ತ ಒಮ್ಮೆ ನೋಡಿ, ಮಾರಿಫೆ ಹೊಸದಾಗಿ ಬರೆದು ತಂದಿದ್ದ ಪ್ರಮಾಣಪತ್ರ ಓದಿದರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: "'ಈ ವ್ಯಕ್ತಿ ನನ್ನ ಸಂಬಂಧಿಯಲ್ಲ. ಈ ವಿಷಯದಲ್ಲಿ ನನಗೆ ಯಾವ ಲಾಭವೂ ಇಲ್ಲ, ಯಾವ ನಷ್ಟವೂ ಇಲ್ಲ.'"

"ಅದು ಸುಮ್ನೆ ನಮೂನೆ, ಎಲ್ಲದ್ರಲ್ಲೂ ಇರುತ್ತೆ," ಎಂದಳು ಮಾರಿಫೆ.

"ಸಂಬಂಧ ಇಲ್ಲ, ನಿಜ. ಲಾಭನೂ ಇಲ್ಲ." ಬಿನಿಂಗ್ ಆ ಸಾಲಿನ ಕೊನೆಯ ಪದದ ಮೇಲೆ ಬೆರಳಿಟ್ಟರು. "ನಷ್ಟ ಇಲ್ಲ ಅಂತ ನಾನು ಪ್ರಮಾಣ ಮಾಡಿ ಬರೆಯೋಕಾಗಲ್ಲಮ್ಮ." ಎಂದವರೇ ಗೇಟು ಹಾಕಿಕೊಂಡರು. ಕಾಗದ ಅವರ ಕೈಯಲ್ಲೇ ಉಳಿಯಿತು.

ಗುರುವಾರ ಮಾಂಗ್ ಹೆನೆಸ್ ಆರೋಗ್ಯ ಕೇಂದ್ರಕ್ಕೆ ಒಬ್ಬರೇ ಹೋದರು. 'ಮರೆವಿನ ರೋಗ ಅಂತಲೇ ಬರೆದುಬಿಡಿ' ಎಂದು ಹೇಳುವುದು, ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವುದು ಎಂದು ನಿಶ್ಚಯಿಸಿದ್ದರು. ತಮ್ಮ ಸರದಿಯ ಹದಿನೇಳನೇ ನಂಬರು ಕೂಗಿದಾಗ ಪಕ್ಕದಲ್ಲಿ ಕೂತವನ ಶೂ ತಿರುಗಿಸಿ ಹೊಲಿಗೆ ನೋಡುತ್ತಿದ್ದರಿಂದ ಅವರಿಗೆ ಕೇಳಿಸಲಿಲ್ಲ. ಮೂರನೆಯ ಸಲ ಕೂಗಿದಾಗ ಹಿಂದಿನಿಂದ ಒಂದು ದನಿ ಬಂತು.

"ಹದಿನೇಳು ಇಲ್ಲಿದೆ. ಏಳೋದಕ್ಕೆ ಹೇಳಿ ಆ ಮನುಷ್ಯನಿಗೆ."

ಅಲಿಂಗ್ ಬಿನಿಂಗ್ ಒಳಗೆ ಬಂದು ಡಾಕ್ಟರಿಗೆ ಎದುರಾಗಿ, ಮಾಂಗ್ ಹೆನೆಸ್ ಅವರಿಗೆ ಬೆನ್ನು ಹಾಕಿ ಕೂತರು. "ಬರ್ಕೊಳ್ಳಿ. ಎರಡನೇ ಕ್ಲಾಸು. ಈ ಮನುಷ್ಯ ವರ್ಷವಿಡೀ ಬೇರೆ ಬೇರೆ ಜೊತೆಯ ಶೂ ಹಾಕ್ಕೊಂಡು ಬಂದ. ಸ್ಲೇಟು ತಂದ್ರೆ ಬಳಪ ಇಲ್ಲ, ಬಳಪ ನಾನು ಕೊಟ್ರೆ ಅದನ್ನ ಕಿಟಕೀಲಿ ಇಟ್ಟು ಹಲ್ಲಿ ನೋಡ್ತಾ ಕೂತ್ಕೋತಿದ್ದ. ಮೇಷ್ಟ್ರು ನೀರು ತಾ ಅಂತ ಬೆಳಿಗ್ಗೆ ಕಳಿಸಿದ್ರೆ ಮಧ್ಯಾಹ್ನ ಬಂದ, ನೀರಿಲ್ದೆ, ಒಂದು ಆಮೆ ಹಿಡ್ಕೊಂಡು. ನಾಟಕದಲ್ಲಿ ಅವನು ದೇವದೂತ. ಪರದೆ ಎದ್ರೆ ದೇವದೂತ ಇಲ್ಲ. ಹಿಂದೆ ಕೂತು ನನ್ನ ಚಪ್ಪಲಿ ಪಟ್ಟಿ ಹೊಲೀತಿದ್ದ. ಇನ್ನೂ ಬೇಕಾ? ಐದನೇ ಕ್ಲಾಸಿನ ತನಕ ನಂಗೆ ಬಾಯಿಪಾಠ ಇದೆ."

ಅರ್ಧ ಗಂಟೆ ಹೇಳಿದರು. ಬರೆದು ಬರೆದು ಡಾಕ್ಟರ ಕೈ ಸೋತಿತು. ಬೆನ್ನ ಹಿಂದೆ ಮಾಂಗ್ ಹೆನೆಸ್ ಸದ್ದಿಲ್ಲದೆ ಅಳುತ್ತಿದ್ದರು. ಆ ಆಮೆಯನ್ನು ಅವರು ಪೂರ್ತಿ ಮರೆತಿದ್ದರು. ತಮ್ಮ ಬಾಲ್ಯ ಇಷ್ಟು ವರ್ಷ ಎರಡು ಬೀದಿಯಾಚೆ ಒಬ್ಬರ ಸಿಟ್ಟಿನಲ್ಲಿ ಭದ್ರವಾಗಿತ್ತು.

"ಸಾಕು," ಎಂದಳು ಡಾಕ್ಟರ್. "ಇದು ಹುಟ್ಟಿದಾಗಿನಿಂದ ಇರೋದು. ಬೇಕೂಂತ ಮಾಡಿದ್ದಲ್ಲ."

"ಬೇಕೂಂತ ಅಲ್ವಾ?" ಬಿನಿಂಗ್ ಅವರ ದನಿ ಬದಲಾಯಿತು. "ಇಂಥೋರು... ದೊಡ್ಡ ಕೆಲಸದ ದಿನವೂ ಹೀಗಾಗ್ತಾರಾ? ತಮ್ಮದೇ ಮದುವೆ ದಿನ?"

"ಒಂದ್ರಲ್ಲಿ ಮನಸ್ಸು ಮುಳುಗಿಬಿಟ್ರೆ ಗಂಟೆಗಟ್ಟಲೆ ಹೋಗಿದ್ದೇ ಗೊತ್ತಾಗಲ್ಲ. ಆಗ್ಬಹುದು. ಅವರನ್ನೇ ಕೇಳಿ."

ಬಿನಿಂಗ್ ತಿರುಗಿದರು. ನಲವತ್ತಾರು ವರ್ಷದಲ್ಲಿ ಅದು ಮೊದಲ ಮಾತು. "ಎಲ್ಲಿದ್ದೆ?"

"ಮನೇಲಿ," ಎಂದರು ಮಾಂಗ್ ಹೆನೆಸ್. "ನಿನ್ನ ಮದುವೆ ಶೂ ನಾನೇ ಮಾಡ್ತಿದ್ನಲ್ಲ. ಹಿಂದಿನ ದಿನ ಒಂದು ಜೊತೆ ಕಳಿಸಿದ್ದೆ, ಎಡಗಾಲಿಂದು ನಂಗೆ ಸರಿ ಅನ್ಸಿರ್ಲಿಲ್ಲ. ಬೆಳಿಗ್ಗೆ ಕೋಟು ಹಾಕ್ಕೊಂಡೆ. ಐದು ನಿಮಿಷ ಇದೆ, ಇನ್ನೊಂದು ಎಡಗಾಲಿಂದು ಮಾಡಿ ಚರ್ಚಲ್ಲೇ ಬದಲಾಯ್ಸಿಬಿಡೋಣ ಅಂತ ಕೂತೆ. ಯಾರಾದ್ರೂ ಬಾಗ್ಲು ತಟ್ಟಿದ್ರೋ ಏನೋ, ಕೇಳಿಸ್ಲಿಲ್ಲ. ತಲೆ ಎತ್ತಿದಾಗ ಹನ್ನೊಂದೂವರೆ."

"ಕವೀತೆಯ ಹೆಂಗಸು?"

"ಕವೀತೆಗೆ ನಾನು ಹೋಗೇ ಇಲ್ಲ ಬಿನಿಂಗ್. ಒಂದ್ಸಲ ಹೊರಟಿದ್ದೆ, ಬೇರೆ ಬಸ್ ಹತ್ತಿದೆ."

"ಮತ್ತೆ ಯಾಕೆ ಹೌದು ಅಂದೆ?"

"ಹೌದು ಅನ್ಲಿಲ್ಲ, ಸುಮ್ನಿದ್ದೆ. ಶೂ ಹೊಲೀತಾ ಮದುವೆ ಮರೆತ ಅಂದ್ರೆ ಊರು ನಗುತ್ತೆ. ಮೋಸಗಾರ ಅಂದ್ರೆ... ಸ್ವಲ್ಪ ಗಂಡಸು ಅನ್ಸುತ್ತೆ."

ನರ್ಸಮ್ಮನಿಗೂ ಈಗ ನಗು ಬರಲಿಲ್ಲ. ಅಲಿಂಗ್ ಬಿನಿಂಗ್ ಎದ್ದರು, ಚಪ್ಪಲಿ ಎಳೆಯುತ್ತ ಬಾಗಿಲ ತನಕ ಹೋದರು, ನಿಂತರು, ಆಮೇಲೆ ಹೋಗಿಬಿಟ್ಟರು.

ಮಾಂಗ್ ಹೆನೆಸ್ ಅವರಿಗೆ ಕಾಗದ ಸಿಕ್ಕಿತು, ಬೀಗದ ಕೈ ಸಿಕ್ಕಿತು. ಗುಳಿಗೆಯ ಹೊತ್ತಿಗೆ ಕಿರಿಚುವ ಒಂದು ಸಣ್ಣ ಗಡಿಯಾರವನ್ನು ಡಾಕ್ಟರ್ ಅವರ ಕೊರಳಿಗೆ ಕಟ್ಟಿದಳು. ಕಪಿತಾನರು ತಾವೇ ಅಂಗಡಿಯ ಬಾಗಿಲು ತೆಗೆದು ಭಾಷಣ ಮಾಡಿದರು. ಎಲ್ಲ ಹೋದ ಮೇಲೆ ಮಾಂಗ್ ಹೆನೆಸ್ ಮೆಟ್ಟಿಲ ಕೆಳಗೆ ಕೂತರು. ಮೋಸಗಾರನಾಗಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಒಂಟಿ ಎನ್ನಿಸಿತು.

ಮರುದಿನ ಮಾರಿಫೆ ಒಂದು ಮಡಚಿದ ಕಾಗದ ತಂದುಕೊಟ್ಟಳು. ಅದೇ ಪ್ರಮಾಣಪತ್ರ, ಸಹಿ ಇಲ್ಲ. ಹಿಂದಿನ ಬದಿಯಲ್ಲಿ ಪೆನ್ಸಿಲಿನಿಂದ ಒಂದು ಊದಿದ ಎಡಪಾದದ ಸುತ್ತಳತೆ ಗೀಚಿತ್ತು. ಕೆಳಗೆ: 'ಮುಂದಿನ ಶನಿವಾರ. ಒಂಬತ್ತು ಗಂಟೆ. ಚರ್ಚಿನ ಮೆಟ್ಟಿಲು.'

ಅವರ ಕೈಗೆ ನೆನಪಿದ್ದ ಪಾದಕ್ಕಿಂತ ಇದು ಎರಡು ಬೆರಳು ಅಗಲವಾಗಿತ್ತು. ಮೆತ್ತನೆಯ ಚರ್ಮ ತಂದರು. ಒಳಗೆ ಒಂದು ಹೊಲಿಗೆಯೂ ಚುಚ್ಚಬಾರದು; ಸಕ್ಕರೆ ಕಾಯಿಲೆಯ ಕಾಲಿಗೆ ಗಾಯವಾದರೆ ಮಾಯುವುದಿಲ್ಲ. ವಾರವಿಡೀ ಅದೇ ಕೆಲಸ. ಗಡಿಯಾರ ಕಿರಿಚಿದಾಗ ಪುರಿಂಗ್ ಬಂದು ಗುಳಿಗೆಯನ್ನು ಬಾಯಿಗೇ ಹಾಕಿ ಹೋಗುತ್ತಿದ್ದಳು.

ಶನಿವಾರ ಆರು ಗಂಟೆಗೇ ಮಾಂಗ್ ಹೆನೆಸ್ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲಿದ್ದರು. ಜೀವಮಾನದಲ್ಲಿ ಮೊದಲ ಸಲ ಅವರು ಎಲ್ಲಿಗಾದರೂ ಮುಂಚೆ ಬಂದಿದ್ದರು, ಏನು ಮಾಡಬೇಕೆಂದು ತಿಳಿಯಲಿಲ್ಲ. ಅಂದು ಅಲ್ಲಿ ಯಾರದೋ ಮದುವೆ. ಇವರು ಗಂಡಿನ ಕಡೆಯ ಹಿರಿಯರಿರಬೇಕೆಂದು ಒಬ್ಬಳು ಬಂದು ಅಂಗಿಗೆ ಹೂ ಚುಚ್ಚಿ ಹೋದಳು. ಮದುಮಗ ಬೆವರುತ್ತ ಪಕ್ಕದಲ್ಲಿ ಕೂತ.

"ಹೆಣ್ಣು ಬರ್ತಾಳೆ ಅಲ್ವಾ, ತಾತ?"

"ಹೆಣ್ಣು ಬರ್ತಾಳೆ," ಎಂದರು ಮಾಂಗ್ ಹೆನೆಸ್. "ನೀನು ಎಲ್ಲೂ ಏಳ್ಬೇಡ."

ಒಂಬತ್ತಾಯಿತು. ಆ ಹೆಣ್ಣು ಬಂದಳು, ಬಿನಿಂಗ್ ಬರಲಿಲ್ಲ. ಒಂಬತ್ತೂವರೆ. ಐಸ್‌ಕ್ರೀಮ್ ಗಾಡಿ ಗಂಟೆ ಬಾರಿಸುತ್ತ ಹೋಯಿತು, ಅವರು ಏಳಲಿಲ್ಲ. ಹೂ ಚುಚ್ಚಿದವಳ ಶೂ ಅಟ್ಟೆ ಕಿತ್ತು ಬಾಯಿ ಬಿಡುತ್ತಿತ್ತು. ಹೊಲಿಯಲು ಕೈ ತುರಿಸಿದರೂ ಏಳಲಿಲ್ಲ. ಹತ್ತಕ್ಕೆ, ಒಳಗೆ ಪ್ರಾರ್ಥನೆಯ ಮೌನದಲ್ಲಿ, ಕೊರಳಿನ ಗಡಿಯಾರ ಕಿರಿಚಿತು. ಪಾದ್ರಿಗಳು ಸಹಿತ ಎಲ್ಲರೂ ತಿರುಗಿ ನೋಡಿದರು. ಅವರು ಗುಳಿಗೆಯನ್ನು ತಾವೇ ತೆಗೆದು ನೀರಿಲ್ಲದೆ ನುಂಗಿದರು.

ಹನ್ನೊಂದಕ್ಕೆ ಹೊಸ ಜೋಡಿ ಹೊರಬಂದಿತು, ಅಕ್ಕಿ ಬಿದ್ದಿತು, ಜನ ಚದುರಿದರು. ಮೆಟ್ಟಿಲ ಮೇಲೆ ಅಕ್ಕಿ ಕಾಳು ಮತ್ತು ಎದೆಯ ಮೇಲೆ ಬಾಡಿದ ಹೂವಿನ ಮಾಂಗ್ ಹೆನೆಸ್ ಮಾತ್ರ ಉಳಿದರು. ಹೋಗುವವರು ನೋಡಿ ನೋಡಿ ಹೋಗುತ್ತಿದ್ದರು. ಕಾಯುವುದೆಂದರೆ ಇದು ಎಂದು ಅವರಿಗೆ ಆಗ ಗೊತ್ತಾಯಿತು. ನಾಚಿಕೆ ಬಂತು, ನಲವತ್ತಾರು ವರ್ಷದ ಹಿಂದಿನದು, ತಡವಾಗಿ.

ಎದುರಿನ ಮರದ ಹಿಂದಿನಿಂದ ಅಲಿಂಗ್ ಬಿನಿಂಗ್ ಬಂದರು. ಗೋಪುರದ ಗಡಿಯಾರದಲ್ಲಿ ಹನ್ನೊಂದು ಹತ್ತು.

"ಎರಡು ಗಂಟೆ ಹತ್ತು ನಿಮಿಷ," ಎಂದರು. "ಹೇಗಿತ್ತು?"

"ತುಂಬಾ ಉದ್ದ ಇತ್ತು."

"ನಂಗೂ."

ಬಿನಿಂಗ್ ಮೆಟ್ಟಿಲ ಮೇಲೆ ಕೂತು ಎಡಗಾಲಿನ ಚಪ್ಪಲಿ ಬಿಟ್ಟರು. ಮಾಂಗ್ ಹೆನೆಸ್ ಪೆಟ್ಟಿಗೆ ತೆಗೆದು ಶೂ ತೊಡಿಸಿದರು. ಎಲ್ಲೂ ಒತ್ತಲಿಲ್ಲ. ಬಿನಿಂಗ್ ಅದನ್ನು ಅತ್ತ ಇತ್ತ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಬಲಗಾಲನ್ನೂ ಮುಂದೆ ಚಾಚಿದರು.

"ಇನ್ನೊಂದು?"

ಮಾಂಗ್ ಹೆನೆಸ್ ಪೆಟ್ಟಿಗೆಯೊಳಗೆ ನೋಡಿದರು. ಪೆಟ್ಟಿಗೆಯ ಮುಚ್ಚಳ ನೋಡಿದರು. "ಇನ್ನೊಂದು..." ಎಂದರು. ಅವರ ಮುಖ ಅಕ್ಕಿಗಿಂತ ಬಿಳಿಯಾಯಿತು. "ನೀನು ಎಡಗಾಲಿಂದು ಮಾತ್ರ ಬರೆದು ಕಳಿಸಿದ್ದೆ."

"ನಂಗೆ ಬಲಗಾಲೂ ಇದೆ ಕಣೋ ಹೆನೆಸ್! ಎಪ್ಪತ್ತನಾಲ್ಕು ವರ್ಷದಿಂದ ಇದೆ!"

ಅವರು ತಲೆ ತಗ್ಗಿಸಿ ಕೂತರು. ಮುಂದೆ ಬರುವುದು ಮಚ್ಚೋ ಮೌನವೋ ಎಂದು ಕಾದರು. ಬಿನಿಂಗ್ ಒಂದು ಕಾಲಿಗೆ ಹೊಸ ಶೂ, ಇನ್ನೊಂದಕ್ಕೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಎದ್ದು, ನಾಲ್ಕು ಮೆಟ್ಟಿಲು ಇಳಿದು, ತಿರುಗಿದರು.

"ಮುಂದಿನ ಶನಿವಾರ, ಒಂಬತ್ತಕ್ಕೆ. ಈ ಸಲ ಒಂಬತ್ತಕ್ಕೇ ಬರ್ತೀನಿ, ಕಾಯ್ಸಲ್ಲ."

ಹಾಗೇ ಎರಡು ತರದ ಕಾಲಲ್ಲಿ, ಒಂದು ಹೆಜ್ಜೆ ಟಕ್ ಎನ್ನಿಸುತ್ತ ಒಂದು ಹೆಜ್ಜೆ ಎಳೆಯುತ್ತ, ಮಾರುಕಟ್ಟೆಯ ನಡುವಿನಿಂದಲೇ ಮನೆಗೆ ನಡೆದರು. ಪುರಿಂಗ್ ಗಂಜಿಯ ಸೌಟು ಹಿಡಿದುಕೊಂಡೇ ನಿಂತು ನೋಡಿದಳು.